ಪೊರೆ ಬಿಡಿಸದ ಮನೆ

ಯಾವ ಯಂತ್ರವಾದರೂ ಸರಿ, ಅದರ ಹೊಟ್ಟೆಯೊಳಗೆ ಒಂದು ಸಲ ಇಣುಕಿದರೆ ಸಾಕು, ಒಳಗೆ ಕೈಯಾಡಿಸಿದವನ ಮುಖ ನನಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಇದರಲ್ಲಿ ಅರ್ಧ ಸುಳ್ಳು. ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಅದೂ ಕನ್ನಡಕ ಒರೆಸಿಕೊಂಡ ಮೇಲೆ.

ಆ ಮಧ್ಯಾಹ್ನ ಗ್ಯಾರಂಟಿಯ ಅಂಗಡಿಯಲ್ಲಿ ಕೂತು ನಾನು ಕನ್ನಡಕವನ್ನೇ ಒರೆಸುತ್ತಿದ್ದೆ. ಎದುರಿನ ಮೇಜಿನ ಮೇಲೆ ನಮ್ಮ ಹೊಸ ಕಂಪ್ಯೂಟರ್ ಮಗ್ಗುಲಾಗಿ ಮಲಗಿತ್ತು, ಆಪರೇಷನ್ನಿಗೆಂದು ಮಲಗಿಸಿ ಡಾಕ್ಟರು ಊಟಕ್ಕೆ ಎದ್ದುಹೋದ ರೋಗಿಯ ಹಾಗೆ. ಅದರ ಪಕ್ಕದ ಗಾಜನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು.

ಗ್ಯಾರಂಟಿ ಅಂದರೆ ಅಂಗಡಿಯ ಯಜಮಾನ. ಹೆತ್ತವರು ಇಟ್ಟ ಹೆಸರು ಏನೋ, ಮಾತಿಗೊಮ್ಮೆ ‘ಗ್ಯಾರಂಟಿ’ ಅನ್ನುತ್ತಾನೆಂದು ಪೇಟೆಯವರೆಲ್ಲ ಅದನ್ನೇ ಹೆಸರು ಮಾಡಿದ್ದಾರೆ. ಅಂಗಡಿ ಇರುವುದು ಕಟ್ಟಡದ ತುತ್ತತುದಿಯಲ್ಲಿ. ಲಿಫ್ಟು ನನ್ನ ಮದುವೆಗೂ ಮುಂಚೆ ಕೆಟ್ಟದ್ದು. ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಹಾಕಿದ ಬೊಬ್ಬೆಗೆ ಕೆಳಗಿನ ಬೀದಿಯಲ್ಲಿ ಜನ ನಿಂತು ಮೇಲೆ ನೋಡಿರಬೇಕು.

ಹೊಸ ಕಂಪ್ಯೂಟರಿನೊಳಗೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಹೇಗೆ ಬಂತು, ಹೊಸದು ಎಲ್ಲಿಗೆ ಹೋಯಿತು ಅನ್ನುವುದೇ ನಮ್ಮ ಪತ್ತೆಯಾಗದ ಗಂಟು. ಆಟದ ಬಣ್ಣ, ಬೆಳಕು, ಬೆಂಕಿ, ಹೊಗೆ ಎಲ್ಲವನ್ನೂ ಹುಟ್ಟಿಸುವುದು ಆ ಕಾರ್ಡೇ. ಇಡೀ ಪೆಟ್ಟಿಗೆಯಲ್ಲಿ ಮೈತುಂಬ ಬೆಲೆ ಹೊತ್ತದ್ದು ಅದೊಂದೇ. ಸಾಮಾನು ಗಾಡಿಯವನನ್ನು ಬೆಳಿಗ್ಗೆಯೇ ವಿಚಾರಿಸಿ ಬಿಟ್ಟುಬಿಟ್ಟಿದ್ದೆ. ದಾರಿಯುದ್ದಕ್ಕೂ ನನ್ನ ಮಗಳು ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದಳು, ಅವನು ಅದನ್ನು ಮುಟ್ಟಿದ್ದು ಇಳಿಸುವಾಗ ಮಾತ್ರ.

ಇನ್ನು ಉಳಿದದ್ದು ಅಂಗಡಿ.

“ಅಜ್ಜಿ, ನಾನು ನೇರವಾಗಿ ಹೇಳ್ತೀನಿ,” ಅಂದ ಗ್ಯಾರಂಟಿ. “ಇದನ್ನ ಅಸೆಂಬಲ್ ಮಾಡಿದ್ದು ಹಿಂದಿನ ಕೋಣೆಯ ಹೊಸಬ. ಕೆಲಸಕ್ಕೆ ಸೇರಿ ಅರ್ಧ ವರ್ಷ ಆಗಿಲ್ಲ. ಕೈ ಅವನದೇ, ಗ್ಯಾರಂಟಿ. ಸಂಜೆ ಬಾಗಿಲು ಹಾಕೋ ಹೊತ್ತಿಗೆ ಅವನನ್ನ ಕಳಿಸಿಬಿಡ್ತೀನಿ. ಈ ಪೇಟೇಲಿ ಇನ್ನೊಂದು ಅಂಗಡಿ ಅವನನ್ನ ಒಳಗೆ ಸೇರಿಸಲ್ಲ, ಹಾಗೆ ಹೇಳಿಡ್ತೀನಿ.”

ನನ್ನ ಮೊಮ್ಮಗಳು ಬಾಗಿಲ ಬಳಿ ನಿಂತಿದ್ದಳು. ಇದನ್ನು ಕೇಳಿ ಖುಷಿಪಡಬೇಕಾದವಳು ಅವಳೇ, ಕಂಪ್ಯೂಟರ್ ಅವಳದು. ಆದರೆ ಅವಳ ಮುಖ ಒಣಗಿದ ಹಿಟ್ಟಿನಂತಾಗಿತ್ತು. ಯಾರನ್ನೂ ಕಳಿಸುವುದು ಬೇಡ, ಕೊಟ್ಟ ದುಡ್ಡು ತಿರುಗಿ ಕೊಟ್ಟರೆ ಸಾಕು ಅಂದಳು. ನನ್ನ ಹೊಟ್ಟೆ ತಣ್ಣಗಾಯಿತು. ಅಮ್ಮನ ಸಿಟ್ಟು ಬಂದಿದ್ದರೂ ಮನಸ್ಸು ನನ್ನದೇ ಬಂದಿದೆ ಅಂದುಕೊಂಡೆ.

“ಅದೆಲ್ಲ ಆಗಲ್ಲಮ್ಮ,” ಅಂದ ಗ್ಯಾರಂಟಿ. “ಒಂದು ಕಾರ್ಡ್ ಹೋಗಿದೆ. ಅದಕ್ಕೊಬ್ಬ ಕಳ್ಳ ಬೇಕು. ದುಡ್ಡು ವಾಪಸ್ ಕೊಟ್ಟು ಸುಮ್ಮನಿದ್ರೆ ನಾನೇ ಕಳ್ಳ ಅಂತಾಗುತ್ತೆ.”

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ಅವಳ ಆಟದ ತಂಡದ ನಾಯಕಿ. ಮೊಮ್ಮಗಳು ಫೋನ್ ಹಿಡಿದು ಹೊರಗಿನ ಮೊಗಸಾಲೆಗೆ ಹೋದಳು.

ಈ ಕಂಪ್ಯೂಟರಿನ ರಾಮಾಯಣ ನಮ್ಮ ಮನೆಯಲ್ಲಿ ಒಂದು ತಿಂಗಳು ನಡೆದಿದೆ. ಕೇಳಿ ಕೇಳಿ ಗೋಡೆಗಳಿಗೂ ಬಾಯಿಪಾಠವಾಗಿದೆ. ಮೊಮ್ಮಗಳಿಗೆ ಅದನ್ನು ತಾನೇ ಕಟ್ಟಬೇಕು. ಒಂದೊಂದು ಭಾಗವನ್ನೂ ತಾನೇ ಆರಿಸಿ, ತಾನೇ ಜೋಡಿಸಿ, ತಾನೇ ಉಸಿರು ತುಂಬಬೇಕು. ಅಂಗಡಿಯವರು ಕಟ್ಟಿಟ್ಟದ್ದರಲ್ಲಿ ಮೇಲೆ ಬಣ್ಣದ ದೀಪ, ಒಳಗೆ ಕರೆಂಟ್ ಕೊಡುವ ಡಬ್ಬಿ ಕಳಪೆ ಎಂದು ಅವಳ ವಾದ. ಅದಕ್ಕಿಂತ ಒಳಗೆ ಚುಚ್ಚಿದ್ದು ಅವಳ ತಂಡದವರ ಮಾತು. ಕಟ್ಟಿಕೊಂಡವರು ಆಟಗಾರರಂತೆ, ಕೊಂಡುಕೊಂಡವರು ಗಿರಾಕಿಗಳಂತೆ.

ನನ್ನ ಅಳಿಯ ಇದಕ್ಕೆ ತಲೆಯಾಡಿಸಿ ತಲೆಯಾಡಿಸಿ ಕುತ್ತಿಗೆ ಸವೆಸಿಕೊಂಡ. ಮೆತ್ತಗಿನ ಮನುಷ್ಯ. ಜಗಳವಾಡುವಾಗಲೂ ಲೈಬ್ರರಿಯಲ್ಲಿ ಕೂತವನಂತೆ ಮಾತಾಡುತ್ತಾನೆ. ರೆಡಿಯಾಗಿ ಕಟ್ಟಿದ್ದನ್ನೇ ತರೋಣ, ನಾಳೆ ಕೆಟ್ಟರೆ ಹಿಡಿಯಲು ಒಂದೇ ಕುತ್ತಿಗೆ ಇರಬೇಕು, ಎಂಟು ಅಂಗಡಿಯ ಎಂಟು ಕುತ್ತಿಗೆ ಹುಡುಕಿಕೊಂಡು ಯಾರು ಅಲೆಯುತ್ತಾರೆ ಅಂತ ಅವನ ಲೆಕ್ಕ.

ನಾನು ನ್ಯಾಯಾಧೀಶೆ. ಯಾರು ಮೊದಲು ಟೀ ಮಾಡಿಕೊಟ್ಟರೋ ಅವರ ಕಡೆ ತೀರ್ಪು. ಬೆಳಿಗ್ಗೆ ಅಳಿಯನ ಕಡೆ ಸೇರಿ, ರೆಡಿಮೇಡ್ ಅಂಗಿಯನ್ನು ಹಾಕಿ ನೋಡಿ ಕೊಳ್ಳಬಹುದು, ಹೊಲಿಯಲು ಕೊಟ್ಟದ್ದು ಕಂಕುಳಲ್ಲಿ ಬಿಗಿಯಾದರೆ ಅಳುವುದೊಂದೇ ದಾರಿ ಅನ್ನುತ್ತಿದ್ದೆ. ಸಂಜೆ ಮೊಮ್ಮಗಳ ಕಡೆ ಸೇರಿ, ರೆಡಿಮೇಡ್ ಅಂಗಿ ಯಾರ ಮೈಗೂ ಅಲ್ಲ, ಅಂಗಡಿಯ ಬೊಂಬೆಯ ಮೈಗೆ ಹೊಲಿದದ್ದು ಅನ್ನುತ್ತಿದ್ದೆ.

ಕೊನೆಗೆ ತೀರ್ಮಾನ ಮಾಡಿದ್ದು ನನ್ನ ಮಗಳು. ಆಸ್ಪತ್ರೆಯಲ್ಲಿ ನರ್ಸು. ಶಿಫ್ಟು ಮುಗಿಸಿ ಬಂದು, ಬ್ಯಾಗನ್ನೂ ಇಳಿಸದೆ, ಗೋಡೆಗೊರಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು, ರೆಡಿ ಇರುವುದನ್ನೇ ತನ್ನಿ, ನನಗೆ ನಿದ್ದೆ ಬೇಕು. ಯಾವ ಅಂಗಡಿ ಅಂದದ್ದಕ್ಕೆ ಅಳಿಯ ಗ್ಯಾರಂಟಿಯ ಅಂಗಡಿ ಅಂದ. ಬೇರೆ ಅಂಗಡಿಯ ಹೆಸರೆತ್ತಲೂ ಬಿಡಲಿಲ್ಲ. ಆದರೆ ಆರಿಸಲು, ಕೊಳ್ಳಲು, ತರಲು ಅವನೊಂದು ಸಲವೂ ಬರಲಿಲ್ಲ. ಆಫೀಸಿನಲ್ಲಿ ಕೆಲಸವಂತೆ.

ಮೊನ್ನೆ ಸಂಜೆ ಪೆಟ್ಟಿಗೆ ಮನೆಗೆ ಬಂತು. ಆಟ ಶುರುವಾಯಿತು, ಮೂತಿ ತೊಳೆದು ಬರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿ ಆರಿಹೋಯಿತು. ಮತ್ತೆ ಹಚ್ಚಿದರೂ ಅದೇ ಕಥೆ. ನಿನ್ನೆ ಸಂಜೆ ನಾವೆಲ್ಲ ಸುತ್ತ ಕೂತಿರುವಾಗ ಮೊಮ್ಮಗಳು ಗಾಜನ್ನು ಬಿಚ್ಚಿದಳು. ಕೈಯಲ್ಲೇ ತಿರುಗಿಸುವ ಸ್ಕ್ರೂ ಅದು, ಯಾರು ಬೇಕಾದರೂ ತೆಗೆಯಬಹುದು. ಒಳಗೆ ಧೂಳು ಮೆತ್ತಿದ, ಅಂಚು ಸವೆದ ಹಳೆಯ ಕಾರ್ಡ್. ಅಳಿಯ ಅದನ್ನು ನೋಡಿದವನೇ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದ. ಎಷ್ಟು ಹೊತ್ತು ಕುಡಿದ ಅಂದರೆ ಕೆರೆಯೊಂದು ಬತ್ತುವಷ್ಟು.

ಈಗ ಮೇಜಿನ ಹತ್ತಿರ ಬನ್ನಿ.

“ಕಾರ್ಡಿನ ಕಥೆ ಹಾಗಿರಲಿ,” ಅಂದೆ ಗ್ಯಾರಂಟಿಗೆ. “ಇದು ಆರಿ ಆರಿ ಹೋಗೋದು ಯಾಕಪ್ಪ? ಹಳೇ ಕಾರ್ಡಾದ್ರೆ ನಿಧಾನಕ್ಕೆ ಓಡಬೇಕು, ನನ್ನ ಹಾಗೆ. ಪದೇಪದೇ ಸಾಯಬಾರದಲ್ಲ.”

ಅದು ಸರಿಯಾದ ಪ್ರಶ್ನೆಯೋ ಅಲ್ಲವೋ ನನಗೇನು ಗೊತ್ತು. ಅವನು ಮಾತ್ರ ಗಲ್ಲ ಕೆರೆದುಕೊಂಡ. ಆಮೇಲೆ ಸ್ಕ್ರೂಡ್ರೈವರ್ ತೆಗೆದುಕೊಂಡು ಫ್ಯಾನಿನ ಗೂಡಿನಂಥ ಒಂದು ಭಾಗವನ್ನು ಬಿಚ್ಚತೊಡಗಿದ. ಅದಕ್ಕೆ ಕೂಲರ್ ಅನ್ನುತ್ತಾರಂತೆ. ಕಂಪ್ಯೂಟರಿನ ಮಿದುಳು ಕಾದು ಕುದಿಯದಂತೆ ಅದರ ಮೇಲೆ ಕೂತು ಬಿಸಿ ಹೀರುವುದು ಅದರ ಕೆಲಸ. ಎರಡರ ನಡುವೆ ಬೂದು ಬಣ್ಣದ ಪೇಸ್ಟ್ ಮೆತ್ತುತ್ತಾರಂತೆ.

ಕೂಲರ್ ಎತ್ತಿ ಬುಡ ತಿರುಗಿಸಿದ್ದೇ ಗ್ಯಾರಂಟಿ ಹಣೆ ಹಣೆ ಚಚ್ಚಿಕೊಂಡ.

ಕೂಲರಿನ ಬುಡಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಅಂಟಿಕೊಂಡೇ ಇತ್ತು. ಹೊಸ ಸಾಮಾನಿಗೆ ಗೀರು ಬೀಳದಿರಲೆಂದು ಕಾರ್ಖಾನೆಯವರು ಅಂಟಿಸುತ್ತಾರಲ್ಲ, ಅದು. ಅದರ ಮೇಲೆ, ಕೂರಿಸುವ ಮೊದಲು ಕಿತ್ತು ತೆಗೆಯಿರಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತಂತೆ. ಆ ಬರಹದ ಮೇಲೆಯೇ ಪೇಸ್ಟನ್ನು ಅಚ್ಚುಕಟ್ಟಾಗಿ ಸವರಿ, ಹಾಗೆಯೇ ಕೂರಿಸಿದ್ದರು. ಬಿಸಿ ಮೇಲೇರಲು ದಾರಿಯಿಲ್ಲದೆ ಮಿದುಳು ಕುದಿದು, ಕಂಪ್ಯೂಟರ್ ಜೀವ ಉಳಿಸಿಕೊಳ್ಳಲು ತಾನಾಗಿ ಆರುತ್ತಿತ್ತು.

“ನೋಡಿ ಅಜ್ಜಿ, ಕಳ್ಳನೂ ಹೌದು, ದಡ್ಡನೂ ಹೌದು,” ಅಂದ ಗ್ಯಾರಂಟಿ. “ಪೊರೆ ಕೀಳದೆ ಕೂಲರ್ ಕೂರಿಸೋ ಜನ ಭೂಮಿ ಮೇಲೆ ಇದ್ದಾರಾ?”

ಇದ್ದಾರಪ್ಪ. ನಮ್ಮ ಮನೆಯಲ್ಲಿದ್ದಾರೆ.

ನಮ್ಮ ಮನೆಯ ಟೀವಿ ರಿಮೋಟು ಇವತ್ತಿಗೂ ಪ್ಲಾಸ್ಟಿಕ್ಕಿನೊಳಗಿದೆ, ಗುಂಡಿ ಒತ್ತುವಾಗ ಚಾಕೊಲೇಟ್ ಬಿಚ್ಚಿದಂತೆ ಸದ್ದಾಗುತ್ತದೆ. ಫ್ರಿಜ್ಜಿನ ಬಾಗಿಲ ಪೊರೆ ಗುಳ್ಳೆಯೆದ್ದು ಅದಕ್ಕೆ ಸಿಡುಬು ಬಂದಂತಿದೆ. ಗಡಿಯಾರದ ಮುಖದ ಮೇಲಿನ ಪೊರೆ ಹಳದಿಗಟ್ಟಿ, ಹೊತ್ತು ಎಷ್ಟು ಎಂದು ಪಕ್ಕದ ಮನೆಯವರನ್ನು ಕೇಳಬೇಕು. ಎಲ್ಲ ನನ್ನ ಅಳಿಯನ ಪ್ರತಾಪ. ಕಿತ್ತರೆ ಹಳತಾಗುತ್ತದೆ ಅನ್ನುತ್ತಾನೆ. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯವರು ಅವಳ ಕೈಗೆ ಕಟ್ಟಿದ್ದ ಪಟ್ಟಿಯನ್ನೂ ಬಿಚ್ಚಲು ಬಿಡಲಿಲ್ಲ, ಅದು ತಾನಾಗಿ ಜಾರಿ ಬೀಳುವವರೆಗೆ ಕಾದ.

ಜೊತೆಯಲ್ಲಿದ್ದು ಇದ್ದು ಆ ರೋಗ ನನಗೂ ಅಂಟಿದೆ. ನಿನ್ನೆ ಮಧ್ಯಾಹ್ನ ಕಸ ಗುಡಿಸುವಾಗ ಹೊಳೆಯುವ ಹೊಚ್ಚಹೊಸ ಪೊರೆಯೊಂದು ಸಿಕ್ಕಿತು. ಬಿಸಾಡಲು ಮನಸ್ಸು ಬರದೆ ನನ್ನ ಮಾತ್ರೆಯ ಡಬ್ಬಿಗೆ ಸುತ್ತಿಕೊಂಡಿದ್ದೇನೆ. ಅವನನ್ನು ಆಡಿಕೊಳ್ಳಲು ನನಗೆ ಬಾಯಿಯಿಲ್ಲ.

ಗ್ಯಾರಂಟಿ ಕೂಲರನ್ನು ಕೆಳಗಿಟ್ಟು ಬೆರಳು ಒರೆಸಿಕೊಂಡ. ಬಟ್ಟೆಯ ಮೇಲೆ ಬೂದು ಕಲೆ. ಅದೇ ಕಲೆಯನ್ನು ಕಳೆದ ವಾರ ಅಳಿಯನ ಅಂಗಿಯ ತೋಳಿನಿಂದ ಬಿಡಿಸಲು ನಾನು ಒಂದು ಸೋಪನ್ನೇ ಕರಗಿಸಿದ್ದೆ. ಗ್ಯಾರಂಟಿಯ ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಕೊಯ್ತ. ಈ ಪೆಟ್ಟಿಗೆಯ ತಗಡಿನ ಅಂಚು ಬ್ಲೇಡಿನಂತಿರುತ್ತದೆ. ಅಂಥದೇ ಕೊಯ್ತಗಳನ್ನು ತೋರಿಸಿ ಅಳಿಯ, ಫೈಲಿನ ಕಾಗದ ಕೊಯ್ದಿತು ಅತ್ತೆ ಎಂದಿದ್ದ. ನಾನು ಎಣ್ಣೆ ಹಚ್ಚಿದ್ದೆ, ಆಫೀಸಿನವರನ್ನು ಬೈದಿದ್ದೆ.

ಹಿಂದಿನ ಕೋಣೆಗೆ ನೀಲಿ ಪರದೆ. ಪರದೆ ನೆಲಕ್ಕೆ ಮುಟ್ಟುವುದಿಲ್ಲ. ಅದರ ಕೆಳಗೆ ಯಾರೋ ಮಂಡಿಯೂರಿ ಕೂತಿದ್ದವರ ಬೂಟಿನ ಅಡಿ ನಮ್ಮ ಕಡೆಗೆ ತಿರುಗಿತ್ತು. ಅಡಿಯಲ್ಲಿ ಅಂಗಡಿಯ ಬೆಲೆ ಚೀಟಿ ಇನ್ನೂ ಅಂಟಿಕೊಂಡೇ ಇತ್ತು, ನಡೆದು ನಡೆದು ಕಪ್ಪಾಗಿ.

ನನಗೆ ಕೂತಲ್ಲೇ ಸುಸ್ತಾಯಿತು. ಪತ್ತೇದಾರಿಕೆಯಲ್ಲಿ ಗೆದ್ದಾಗ ಜನ ಹಿಗ್ಗುತ್ತಾರಂತೆ. ನನಗೆ ಮನೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿಕೊಳ್ಳೋಣ ಅನ್ನಿಸಿತು.

“ಆ ಹೊಸಬನನ್ನ ನಾನೊಬ್ಬಳೇ ಮಾತಾಡಿಸ್ತೀನಿ,” ಅಂದೆ. “ನಿನ್ನೆದುರಿಗೆ ಹೆದರ್ತಾನೆ. ಮುದುಕಿ ಅಂದ್ರೆ ಬಾಯಿ ಬಿಡ್ತಾನೆ.”

ಗ್ಯಾರಂಟಿ ಒಪ್ಪಿದ. ಮೊಮ್ಮಗಳು ಮೊಗಸಾಲೆಯ ತುದಿಯಲ್ಲಿ ಬೆನ್ನು ಮಾಡಿ ಇನ್ನೂ ಫೋನಿನಲ್ಲಿದ್ದಳು. ನಾನು ಪರದೆ ಎತ್ತಿ ಒಳಗೆ ಹೋದೆ.

ಕೋಣೆ ಒಂದು ಬೀರುವಿನಷ್ಟಿತ್ತು. ಸುತ್ತ ಖಾಲಿ ರಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟಿದ್ದವು. ಒಂದು ಟೇಬಲ್ ಲ್ಯಾಂಪು, ಅದರ ಬುಡದಲ್ಲಿ ಬಿಚ್ಚಿಟ್ಟ ಇನ್ನಾರದೋ ಕಂಪ್ಯೂಟರ್. ಅಳಿಯ ಎದ್ದು ನಿಂತಿದ್ದ. ಬೆಳಿಗ್ಗೆ ಆಫೀಸಿಗೆಂದು ಹಾಕಿಕೊಂಡು ಹೋದ ಇಸ್ತ್ರಿ ಅಂಗಿಯೇ ಮೈಮೇಲಿತ್ತು, ತೋಳು ಮಡಚಿದ್ದ.

“ಅಳಿಯಂದಿರೇ, ಆಫೀಸು ಚೆನ್ನಾಗಿದೆ,” ಅಂದೆ ಮೆಲ್ಲಗೆ. “ಒಂದು ಕಿಟಕಿ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಅವನು ಬೆಚ್ಚಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಸ್ಟೂಲಿನ ಮೇಲಿನ ವೈರುಗಳನ್ನು ಸರಿಸಿದ.

“ಕೂತ್ಕೊಳ್ಳಿ ಅತ್ತೆ. ಅಷ್ಟು ಮೆಟ್ಟಿಲು ಹತ್ತಿದ್ದೀರಿ.”

ಕೂತೆ. ಇಬ್ಬರಿಗೂ ಅವಸರ ಇದ್ದಂತಿರಲಿಲ್ಲ. ಅವಸರ ಪಡಲು ಮೈಯಲ್ಲಿ ಕಸುವು ಬೇಕು.

ಅವನು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಆಫೀಸಿನವರು ಅವನಿದ್ದ ವಿಭಾಗವನ್ನೇ ಮುಚ್ಚಿದ್ದರು. ಒಂದಷ್ಟು ದಿನ ಪಾರ್ಕಿನ ಬೆಂಚಿನ ಮೇಲೆ ಕೂತು ಸಂಜೆ ಮನೆಗೆ ಬರುತ್ತಿದ್ದನಂತೆ. ಒಂದು ದಿನ ಮಳೆಗೆ ಈ ಕಟ್ಟಡದೊಳಗೆ ನಿಂತವನು, ಪೆಟ್ಟಿಗೆ ಹೊರಲು ಕೈಸೇರಿಸಿ, ಹಾಗೆಯೇ ಉಳಿದುಕೊಂಡ. ಕೆಲಸ ನೋಡಿ ನೋಡಿ ಕಲಿತ. ಒಬ್ಬೊಬ್ಬ ಗಿರಾಕಿಯ ಕಂಪ್ಯೂಟರೂ ಕೊನೆಗೆ ದೀಪ ಹಚ್ಚಿಕೊಂಡು ಉಸಿರಾಡುವಾಗ ಖುಷಿಯಾಗುತ್ತದೆ ಅಂದ. ಅಷ್ಟು ಹೇಳುವಾಗ ಮಾತ್ರ ಮುಖದಲ್ಲಿ ಸ್ವಲ್ಪ ರಕ್ತ ಬಂತು.

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳೋಣ ಅಂತಾನೇ ದಿನಾ ಮನೆಗೆ ಬರ್ತೀನಿ ಅತ್ತೆ. ಅವಳು ಶಿಫ್ಟಿಂದ ಬಂದು, ಬಾಗಿಲಲ್ಲಿ ಕೂತು ಕಾಲು ಒತ್ತಿಕೊಳ್ತಾಳೆ. ಅದು ನೋಡಿದ್ಮೇಲೆ ನಾಳೆ ಹೇಳಿದ್ರಾಯ್ತು ಅನ್ಸುತ್ತೆ.”

“ಅದಕ್ಕೇ ರೆಡಿಮೇಡೇ ಬೇಕು ಅಂತ ತಿಂಗಳಿಡೀ ಮಗಳ ಜೊತೆ ಜಟಾಪಟಿ?”

“ಪುಟ್ಟಿ ತಾನೇ ಕಟ್ಟಿದ್ರೆ ಒಂದೊಂದು ಸ್ಕ್ರೂವಿಗೂ ಈ ಪೇಟೆಗೆ ಬರ್ತಿದ್ಲು. ಒಂದಲ್ಲ ಒಂದಿನ ಈ ಪರದೆ ಎತ್ತುತ್ತಿದ್ಲು.” ಲ್ಯಾಂಪಿನ ಕಡೆ ನೋಡುತ್ತ ಹೇಳಿದ, “ಅದೊಂದೇ ಅಲ್ಲ. ಅವಳಿಗೆ ನನ್ನ ಕೈಯಿಂದ ಒಂದು ಕಟ್ಟಿಕೊಡಬೇಕು ಅನ್ನಿಸ್ತು. ಅಂಗಡೀದು ಅಂತಲೇ ಅವಳು ತಿಳ್ಕೊಂಡ್ರೂ ಪರವಾಗಿಲ್ಲ.”

ಹಿಡಿಯಲು ಒಂದೇ ಕುತ್ತಿಗೆ ಇರಬೇಕು ಅಂದಿದ್ದ. ಅದು ಅವನದೇ ಕುತ್ತಿಗೆ.

ಕನ್ನಡಕ ತೆಗೆದು ಒರೆಸಿಕೊಂಡೆ. ಪತ್ತೇದಾರಿ ಕೇಳಲೇಬೇಕಾದ ಪ್ರಶ್ನೆ ಒಂದಿತ್ತು.

“ಕೂಲರಿನ ಪೊರೆ ಕೀಳದೆ ಕೂರಿಸಿದ್ದೀರಿ. ಅದಕ್ಕೇ ಅದು ಆರಿ ಆರಿ ಹೋಗ್ತಿರೋದು.”

ಅವನು ಕಣ್ಣು ಮುಚ್ಚಿಕೊಂಡ. “ಬೇರೆಯವರದ್ದಕ್ಕೆಲ್ಲ ಕಿತ್ತೇ ಕೂರಿಸಿದ್ದೀನಿ ಅತ್ತೆ. ಮನೇದು ಅನ್ನೋ ಹೊತ್ತಿಗೆ ಕೈ ಮರೆತುಬಿಡ್ತು.”

“ಕಾರ್ಡು?”

ಆ ಒಂದು ಶಬ್ದಕ್ಕೆ ಅವನು ನನ್ನನ್ನು ನೋಡಿದ ರೀತಿ ಇದೆಯಲ್ಲ, ಇಷ್ಟು ವರ್ಷದಲ್ಲಿ ನಾನು ಅವನನ್ನು ಗೇಲಿ ಮಾಡಿದ್ದಕ್ಕೆಲ್ಲ ಸೇರಿಸಿ ಬಡ್ಡಿ ಸಮೇತ ಕೊಟ್ಟಂತಿತ್ತು.

“ಇದ್ದುದರಲ್ಲಿ ಒಳ್ಳೇದನ್ನ ಆರಿಸಿ ನಾನೇ ಕೂರಿಸಿದೆ. ಅದರ ಬೆನ್ನಿಗೂ ಪೊರೆ ಇತ್ತು. ಮೂಲೇಲಿ ಹಿಡಿದು ಎಳೆಯೋಕೆ ಅಂತ ಒಂದು ಕೆಂಪು ಬಾಲ. ಅದನ್ನ ಬೇಕು ಅಂತಲೇ ಬಿಟ್ಟೆ. ಅವಳು ಬಿಚ್ಚಿ ನೋಡಿ ಅವಳೇ ಎಳೀಲಿ ಅಂತ. ಹೊಸಾದು ಅನ್ನೋ ಖುಷಿ ಅದರಲ್ಲೇ ಇರೋದು.”

ಅಲ್ಲಿಗೆ ನನಗೆ ಬೆಳಕು ಹರಿಯಿತು. ನಿನ್ನೆ ಸಂಜೆ ನಾವು ಕಂಡ ಕಾರ್ಡಿಗೆ ಪೊರೆಯೂ ಇಲ್ಲ, ಬಾಲವೂ ಇಲ್ಲ. ಅಂದರೆ ಇವನು ಗಾಜು ಮುಚ್ಚಿದ ಮೇಲೆ ಇನ್ನೊಂದು ಕೈ ಒಳಗೆ ಹೋಗಿದೆ. ಮೊನ್ನೆ ಸಾಗಿಸುವ ಮೊದಲು ಪೆಟ್ಟಿಗೆ ಇದ್ದದ್ದು ಗ್ಯಾರಂಟಿಯ ಕಾಲಬುಡದಲ್ಲಿ. ಅದಕ್ಕೊಬ್ಬ ಕಳ್ಳ ಬೇಕು ಎಂದು ಅವನು ಅಂದದ್ದು ಸುಮ್ಮನೆ ಅಲ್ಲ ಅಂದುಕೊಂಡೆ.

“ಇದನ್ನ ಅವನಿಗೆ ಯಾಕೆ ಹೇಳಲಿಲ್ಲ?”

“ಕೂಲರಿಂದ ಕಿತ್ತಿಲ್ಲ, ಕಾರ್ಡಿಂದಲೂ ಕಿತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ? ನಂಬಬೇಕಾದ್ರೆ ನಮ್ಮ ಮನೆ ನೋಡಿರಬೇಕು.” ಅವನು ಪರದೆಯ ಕಡೆ ನೋಡಿ ದನಿ ಇನ್ನೂ ತಗ್ಗಿಸಿದ. “ಯಜಮಾನನಿಗೆ ಅವಳು ನನ್ನ ಮಗಳು ಅಂತಾನೇ ಗೊತ್ತಿಲ್ಲ. ಗೊತ್ತಾದ್ರೆ, ಮನೆಯವರೇ ಕೂಡಿ ಮಾಡಿದ್ದು ಅಂತಾನೆ.”

ನೋಡಿದಿರಾ ಗಂಟು. ಇವನು ಕಳ್ಳನಲ್ಲ ಎಂದು ಸಾಕ್ಷಿ ಹೇಳಲು ನನ್ನೊಬ್ಬಳಿಂದ ಆಗುತ್ತದೆ. ಹೇಳಬೇಕಾದರೆ, ಇವನು ನನ್ನ ಅಳಿಯ, ನಮ್ಮ ಮನೆಯ ರಿಮೋಟು ಹೀಗಿದೆ, ಗಡಿಯಾರ ಹಾಗಿದೆ ಎಂದು ಹೊರಗೆ ನಿಂತ ಅವನ ಮಗಳ ಎದುರಿಗೇ ಹೇಳಬೇಕು. ಹೇಳದಿದ್ದರೆ ಸಂಜೆಗೆ ಕೆಲಸ ಹೋಗುತ್ತದೆ, ಕಳ್ಳನೆಂಬ ಹೆಸರು ಉಳಿಯುತ್ತದೆ.

“ಕೆಲಸ ಹೋದ್ರೆ ಹೋಗ್ಲಿ ಅತ್ತೆ,” ಅಂದ ಅವನು. “ಪುಟ್ಟಿಗೆ ಮಾತ್ರ ಗೊತ್ತಾಗಬಾರದು. ಅಪ್ಪ ಆಫೀಸಿಗೆ ಹೋಗ್ತಾನೆ ಅಂತಲೇ ಇರ್ಲಿ.”

“ಕಳ್ಳ ಅನ್ನಿಸ್ಕೊಂಡು ಆಮೇಲೆ ಎಲ್ಲಿಗೆ ಹೋಗ್ತೀರಿ? ಮತ್ತೆ ಬೆಂಚಿಗಾ?”

ಅವನು ಬೂದು ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಳ್ಳಲು ಹೋಗಿ, ನನ್ನನ್ನು ನೋಡಿ, ನಿಲ್ಲಿಸಿದ.

ಮೊಣಕಾಲಿಗೆ ಕೈಯೂರಿ ಎದ್ದೆ. ಒಂದು ದಾರಿ ಇನ್ನೂ ಉಳಿದಿತ್ತು. ಕಾರ್ಡ್ ಎಗರಿಸಿದವನು ಪೊರೆಯನ್ನು ಕಿತ್ತಿರಲೇಬೇಕು, ಯಾರೋ ಗಿರಾಕಿ ಬಳಸಿ ಬಿಟ್ಟ ಕಾರ್ಡು ಎಂದು ಮಾರಲು ಅದು ಅಡ್ಡಿ. ಕಿತ್ತ ಪೊರೆ ಎಲ್ಲಾದರೂ ಬಿದ್ದಿರಬೇಕು. ಆ ಕೆಂಪು ಬಾಲ ಗ್ಯಾರಂಟಿಯ ಬಳಿ ಸಿಕ್ಕಿದರೆ ಅಳಿಯನ ಹೆಸರೆತ್ತುವ ಅಗತ್ಯವೇ ಇಲ್ಲ. ಕೆಲಸವೂ ಉಳಿಯಿತು, ಗುಟ್ಟೂ ಉಳಿಯಿತು.

ಹೊರಗೆ ಬಂದವಳೇ ಕೈ ಜಾರಿಸಿದಂತೆ ಮಾಡಿ ಗ್ಯಾರಂಟಿಯ ಕಸದ ಬುಟ್ಟಿಯನ್ನು ಬೀಳಿಸಿದೆ. ಮುದುಕಿಯರು ಏನು ಬೀಳಿಸಿದರೂ ಯಾರೂ ಅನುಮಾನಿಸುವುದಿಲ್ಲ. ಕಾಗದದ ಟೀ ಲೋಟಗಳು, ವೈರಿನ ತುಂಡು, ಮುರಿದ ಸ್ಕ್ರೂಗಳು. ನೆಲಕ್ಕೆ ಕೂತು ಒಂದೊಂದಾಗಿ ಎತ್ತಿ ಬುಟ್ಟಿಗೆ ಹಾಕಿದೆ. ಎಷ್ಟು ದಿನದ ಕಸವೋ, ಅಡಿಯಲ್ಲಿದ್ದ ಕಾಗದ ಹಳದಿಗಟ್ಟಿತ್ತು. ಕೆಂಪು ಅನ್ನುವುದು ಒಂದು ಚೂರೂ ಇರಲಿಲ್ಲ.

“ಬಿಡಿ ಅಜ್ಜಿ, ನಾನು ಎತ್ತಿಕೊಳ್ತೀನಿ,” ಎಂದು ಗ್ಯಾರಂಟಿಯೂ ಕೂತ. ಕಳ್ಳನಾದರೆ ಬುಟ್ಟಿ ಬಿದ್ದ ಕೂಡಲೇ ಅದರ ಒಳಗೆ ಏನಿದೆ ಎಂದು ಮೊದಲು ಅವನ ಕಣ್ಣು ಹೋಗಬೇಕಿತ್ತು. ಅವನು ನೋಡಿದ್ದು ನನ್ನ ಮೊಣಕಾಲನ್ನು. ಆ ಕ್ಷಣಕ್ಕೇ ನನಗೆ ಒಳಗೊಳಗೆ ಇಳಿದುಹೋಯಿತು. ಇವನು ಬಾಯಿಬಡುಕ, ಕಳ್ಳನಲ್ಲ.

ಹಾಗಾದರೆ ಇನ್ಯಾರು?

ತಲೆ ಸುತ್ತಿದಂತಾಯಿತು. ಮಾತ್ರೆಯ ಹೊತ್ತು ಮೀರಿತ್ತು. ಕುರ್ಚಿಗೆ ಒರಗಿ ನೀರು ಕೇಳಿದೆ. ಆಗಲೇ ಮೊಮ್ಮಗಳು ಫೋನ್ ಮುಗಿಸಿ ಒಳಗೆ ಬಂದಳು. ನನ್ನ ಮುಖ ನೋಡಿ ಗಾಬರಿಯಾಗಿ ತನ್ನ ಬಾಟಲಿಯ ಮುಚ್ಚಳ ತೆಗೆದು ಒಂದು ಕೈಯಲ್ಲಿ ಹಿಡಿದಳು, ಮಾತ್ರೆ ಎಲ್ಲಿ ಅಜ್ಜಿ ಅನ್ನುತ್ತ ತಾನೇ ನನ್ನ ಚೀಲದೊಳಗೆ ಕೈ ಹಾಕಿದಳು.

ಡಬ್ಬಿ ಹೊರಗೆ ಬಂತು. ಅವಳ ಕೈ ಅಲ್ಲೇ ನಿಂತಿತು.

ಡಬ್ಬಿಯ ಸುತ್ತ ನಾನು ಸುತ್ತಿದ್ದ ಹೊಳೆಯುವ ಪೊರೆ. ಅದರ ಮೂಲೆಯಲ್ಲಿ, ಹಿಡಿದು ಎಳೆಯಲು ಅನುಕೂಲವಾಗುವಂತೆ, ಪುಟ್ಟದೊಂದು ಕೆಂಪು ಬಾಲ. ಕನ್ನಡಕವಿಲ್ಲದೆ ಸುತ್ತಿದಾಗ ನನ್ನ ಕಣ್ಣಿಗೆ ಬೀಳದಿದ್ದದ್ದು.

ಅದನ್ನು ನಾನು ಆಯ್ದದ್ದು ನಿನ್ನೆ ಮಧ್ಯಾಹ್ನ. ಮೊಮ್ಮಗಳ ಕೋಣೆಯ ಕಸದ ಬುಟ್ಟಿಯಿಂದ. ಅವಳು ನಮ್ಮೆದುರಿಗೆ ಮೊದಲ ಸಲ ಅನ್ನುವಂತೆ ಗಾಜು ಬಿಚ್ಚಿದ್ದು ನಿನ್ನೆ ಸಂಜೆ.

ಕೊಂಡದ್ದು ಮೋಸದ್ದು ಅಂತಾದರೆ ದುಡ್ಡು ತಿರುಗಿ ಬರುತ್ತದೆ. ದುಡ್ಡು ಬಂದರೆ ತಾನೇ ಕಟ್ಟಬಹುದು. ಗಿರಾಕಿ ಅನ್ನಿಸಿಕೊಳ್ಳದೆ ಆಟಗಾರ್ತಿ ಆಗಬಹುದು. ಒಂದು ಅಂಗಡಿಗೆ ಒಂದು ಕಾರ್ಡ್ ಏನು ಮಹಾ ಅಂದುಕೊಂಡು, ತಂಡದಲ್ಲಿ ಯಾರದೋ ಹಳೆಯ ಕಾರ್ಡ್ ಇಸಿದುಕೊಂಡು ಕೂರಿಸಿ ಹೊಸದನ್ನು ಬಚ್ಚಿಟ್ಟಿರಬೇಕು. ಪರದೆಯ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಕಳ್ಳತನ ಅವನ ಕೊರಳಿಗೆ ಬೀಳುತ್ತದೆ ಎಂದು ಅವಳ ಲೆಕ್ಕದಲ್ಲಿ ಇರಲಿಲ್ಲ. ಅದಕ್ಕೇ ಯಾರನ್ನೂ ಕಳಿಸಬೇಡಿ ಅಂದಳು. ಆ ಮನುಷ್ಯ ಯಾರು ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಅವಳು ಡಬ್ಬಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ಲೋಟ ಒಡೆದು ಚೂರುಗಳ ನಡುವೆ ನಿಂತು ನೋಡುತ್ತಿದ್ದಳಲ್ಲ, ಅದೇ ಕಣ್ಣು. ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡೆ. ಪರದೆಯ ಕೆಳಗೆ, ಬೆಲೆ ಚೀಟಿಯ ಬೂಟುಗಳು ಅಲುಗಾಡದೆ ನಿಂತಿದ್ದವು. ಅವನೂ ಎಲ್ಲ ಕೇಳಿಸಿಕೊಳ್ಳುತ್ತಿದ್ದ.

“ಏನಜ್ಜಿ, ಹೊಸಬ ಬಾಯಿ ಬಿಟ್ನಾ?” ಗ್ಯಾರಂಟಿ ಕಸದ ಬುಟ್ಟಿಯನ್ನು ಮೂಲೆಗೆ ಸರಿಸಿ ಎದ್ದ. ಒಂದು ಕೈಯಲ್ಲಿ ಪರದೆಯ ಅಂಚನ್ನು ಹಿಡಿದುಕೊಂಡ. “ನೀವು ಹೇಳಿದ್ದೇ ಕೊನೆ. ಅವನೇ ಅಂದ್ರೆ ಈಗಲೇ ಹೊರಗೆಳೀತೀನಿ. ಅವನಲ್ಲ ಅಂದ್ರೆ, ಮತ್ಯಾರು ಅಂತ ಹೇಳಿ.”

ಒಂದು ಕಡೆ ಮಗಳ ಗಂಡ, ಒಂದು ಕಡೆ ಮಗಳ ಮಗಳು. ನಡುವೆ ನಾನು, ಕಹಿ ಮಾತ್ರೆ ನಾಲಗೆಯ ಮೇಲೆ ಕರಗುತ್ತಿದೆ. ನುಂಗಲು ನೀರು ಅವಳ ಕೈಯಲ್ಲಿದೆ.

ನಾನು ಬಾಯಿ ತೆರೆದೆ. ಹೇಳಿದ್ದು ಒಂದೇ ಹೆಸರು. ಅಳಿಯನದಲ್ಲ, ಮೊಮ್ಮಗಳದೂ ಅಲ್ಲ. ಯಾರದು ಅಂತೀರಿ? ಕೆಂಪು ಬಾಲ ಹೊರಗೆ ಬಂದದ್ದು ಯಾರ ಚೀಲದಿಂದ, ನೋಡಿದಿರಲ್ಲ. ನನ್ನ ಅರ್ಧ ಸುಳ್ಳುಗಳನ್ನು ಇಷ್ಟು ಹೊತ್ತಿನಿಂದ ಕೇಳಿಸಿಕೊಂಡವರು ನೀವು. ನೀವೇ ಹೇಳಿ ನೋಡೋಣ.